ಒಂದೂವರೆ ಕುದುರೆಯ ಎಂಜಿನ್ನೂ ನಾಲ್ಕು ಮಹಡಿಯ ನೀರೂ

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಮ್ಮ ಕಟ್ಟಡದ ಹಿಂದಿನ ಶೆಡ್ಡಿನಲ್ಲಿ ಒಂದು ಎಂಜಿನ್ ಓಡತೊಡಗಿತು. ಕಾರಣವೇನೂ ಇರಲಿಲ್ಲ.

ಎಂಜಿನ್ನಿನ ಒಡೆಯರು ಎರಡನೇ ಮಹಡಿಯವರು. ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ. ಹೀಗಾಗಿ ಕಟ್ಟಡದಲ್ಲಿ ಅವರಿಗೆ ಲೈಬ್ರರಿಯವರು ಎಂದೇ ಹೆಸರು. ವಾರವಿಡೀ ಜನರಿಗೆ ಸದ್ದು ಮಾಡಬೇಡಿ ಎಂದು ಹೇಳುವುದು ಅವರ ಉದ್ಯೋಗ. ಆ ಭಾನುವಾರ ಅವರು ಒಂದು ವಾರದ ಸದ್ದನ್ನೆಲ್ಲ ಒಟ್ಟಿಗೆ ಮಾಡಿದರು.

ಎಂಜಿನ್ ಪೆಟ್ರೋಲಿನದು. ಒಂದೂವರೆ ಅಶ್ವಶಕ್ತಿ, ಒಂದೇ ಸಿಲಿಂಡರು, ಎರಡು ಪಕ್ಕದಲ್ಲಿ ಎರಡು ಭಾರದ ಗಾಲಿ. ಲೈಬ್ರರಿಯವರ ಅಜ್ಜನ ಕಾಲದ್ದು. ಅವರು ಅದನ್ನು ಕಂಡಾಗ ಗುಜರಿಯವನ ಅಂಗಳದಲ್ಲಿ ಅರ್ಧ ಮಣ್ಣಿನಲ್ಲಿ ಹೂತಿತ್ತು. ಪಿಸ್ಟನ್ನು ತುಕ್ಕು ಹಿಡಿದು ಸಿಲಿಂಡರಿನೊಳಗೆ ಕಚ್ಚಿಕೊಂಡಿತ್ತು. ಅದನ್ನು ಬಿಡಿಸಲು ಲೈಬ್ರರಿಯವರು ಸೀಮೆಎಣ್ಣೆ ಸುರಿದು, ಮರದ ತುಂಡು ಇಟ್ಟು, ದಿನವೂ ಸಂಜೆ ಸುತ್ತಿಗೆಯಿಂದ ಮೆತ್ತಗೆ ತಟ್ಟುತ್ತಿದ್ದರು. ಪಿಸ್ಟನ್ನು ಮನಸ್ಸು ಮಾಡಲು ಒಂದು ವರ್ಷ ತೆಗೆದುಕೊಂಡಿತು. ಆಮೇಲೆ ಅದು ಅಡುಗೆಮನೆಗೆ ಬಂತು. ವಾಲ್ವುಗಳು ಕುಕ್ಕರಿನಲ್ಲಿ ಕುದಿದವು. ಸಕ್ಕರೆ ಡಬ್ಬಿ ತೆರೆದಾಗ ಸ್ಪ್ರಿಂಗು ಸಿಕ್ಕ ದಿನ ಅವರ ಹೆಂಡತಿ, "ರೀ, ಇದನ್ನ ಟೀಗೆ ಎಷ್ಟು ಹಾಕ್ಬೇಕು, ಒಂದಾ ಎರಡಾ?" ಎಂದು ಕೇಳಿದ್ದು ಪಕ್ಕದ ಮನೆಗೂ ಕೇಳಿಸಿತ್ತು.

ಇಂಥ ಎಂಜಿನ್ನಿನ ಸ್ವಭಾವವನ್ನು ಇಲ್ಲೇ ಹೇಳಿಬಿಡಬೇಕು. ಅದು ಅಗತ್ಯವಿದ್ದಾಗ ಮಾತ್ರ ಸಿಡಿಯುತ್ತದೆ. ಒಮ್ಮೆ ಢಬ್ ಎಂದು ಸಿಡಿದು ಗಾಲಿಗೆ ವೇಗ ಬಂತೆಂದರೆ, ಆ ವೇಗ ಇಳಿಯುವ ತನಕ ಅದಕ್ಕೆ ಬೇರೆ ಕೆಲಸವಿಲ್ಲ; ಸುಫ್, ಸುಫ್, ಸುಫ್ ಎಂದು ಗಾಲಿ ತನ್ನ ಪಾಡಿಗೆ ತಾನು ತಿರುಗುತ್ತದೆ. ಇನ್ನೇನು ನಿಂತೇ ಹೋಯಿತು ಅನ್ನುವಷ್ಟರಲ್ಲಿ ಮತ್ತೊಂದು ಢಬ್. ಕೆಲಸ ಹೆಚ್ಚಾದರೆ ಢಬ್ಬುಗಳೂ ಹೆಚ್ಚುತ್ತವೆ. ಕಚೇರಿಗಳಲ್ಲಿ ದುಡಿದವರಿಗಾದರೂ ಇದು ತಕ್ಷಣ ಅರ್ಥವಾಗಬೇಕಿತ್ತು. ಯಾರಿಗೂ ಆಗಲಿಲ್ಲ.

ಮೊದಲು ಇಳಿದು ಬಂದವರು ಮೂರನೇ ಮಹಡಿಯ ಅಜ್ಜಿ. "ಅಯ್ಯೋ, ಇದಕ್ಕೆ ಉಬ್ಬಸ ಕಣಪ್ಪಾ," ಎಂದರು. "ನಮ್ಮೆಜಮಾನ್ರೂ ಹೀಗೇ. ಒಂದು ಸಲ ಕೆಮ್ಮೋರು, ಆಮೇಲೆ ಸುಮ್ಮನಾಗೋರು. ಹೋಗೇಬಿಟ್ರು ಅಂದ್ಕೊಂಡ್ರೆ ಮತ್ತೆ ಕೆಮ್ಮೋರು."

"ಅದು ಕಾಯಿಲೆ ಅಲ್ಲ ಅಜ್ಜಿ. ಅದರ ನಡೆಯೇ ಹಾಗೆ."

"ಅವ್ರೂ ಹಾಗೇ ಅಂತಿದ್ರು."

ಅವರ ಹಿಂದೆ ನಿವಾಸಿಗಳ ಸಂಘದ ಕಾರ್ಯದರ್ಶಿಗಳು ಬಂದರು. ಕೆನ್ನೆಯಲ್ಲಿ ಅರ್ಧ ನೊರೆ, ಕೈಯಲ್ಲಿ ರೇಜರು. ಸಂಘದ ಪ್ಲಾಸ್ಟಿಕ್ ಕುರ್ಚಿಗಳನ್ನು ಇಡಲು ಜಾಗವಿಲ್ಲದೆ, ಆ ಶೆಡ್ಡಿನ ಮೇಲೆ ಅವರ ಕಣ್ಣು ಬಿದ್ದು ಬಹಳ ಕಾಲವಾಗಿತ್ತು.

"ಏನ್ರೀ ಇದು?"

"ಎಂಜಿನ್ ಸಾರ್."

"ಅದು ಕಾಣ್ತಿದೆ. ಏನು ಮಾಡುತ್ತೆ?"

"ಓಡುತ್ತೆ."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ ಸಾರ್. ಇಲ್ಲೇ."

ಕಾರ್ಯದರ್ಶಿಗಳು ರೇಜರನ್ನು ಬೆರಳಿನಂತೆ ಎತ್ತಿದರು. "ನೋಡಿ ಲೈಬ್ರರಿಯವರೇ, ಈ ಶೆಡ್ಡು ಎಲ್ಲರಿಗೂ ಸೇರಿದ್ದು. ಎಲ್ಲರ ಉಪಯೋಗಕ್ಕೆ ಬರೋ ವಸ್ತುವಿಗೆ ಮಾತ್ರ ಇಲ್ಲಿ ಜಾಗ. ಇದರಿಂದ ಯಾರಿಗೇನು ಉಪಯೋಗ ಅಂತ ಈಗಲೇ ಹೇಳಿ. ಇಲ್ಲಾಂದ್ರೆ ಶೆಡ್ಡು ಖಾಲಿ ಮಾಡಿ, ಇದನ್ನ ಗುಜರಿಗೆ ಕೊಡಿ."

ಲೈಬ್ರರಿಯವರು ಎಂಜಿನ್ನನ್ನು ನೋಡಿದರು. ಅದು ಢಬ್ ಎಂದಿತು.

"ನೀರೆತ್ತುತ್ತೆ," ಎಂದರು ಲೈಬ್ರರಿಯವರು.

ಎರಡು ದಿನದ ಮೇಲೆ ಅವರು ಕೆಲಸ ಮುಗಿಸಿ ಬರುವಾಗ, ಮೆಟ್ಟಿಲ ಬಳಿಯ ನೋಟಿಸು ಹಲಗೆಯ ಮುಂದೆ ಜನ ನಿಂತಿದ್ದರು. ಲೈನ್ ರಿಪೇರಿಗೆಂದು ಬರುವ ಭಾನುವಾರ ಇಡೀ ಬಡಾವಣೆಗೆ ಕರೆಂಟು ಇರುವುದಿಲ್ಲ ಎಂದು ವಿದ್ಯುತ್ ಕಚೇರಿ ತಿಳಿಸಿತ್ತು. ಕಾರ್ಯದರ್ಶಿಗಳು ಅದರ ಕೆಳಗೆ ಸ್ವಂತ ಅಕ್ಷರದಲ್ಲಿ ಸೇರಿಸಿದ್ದರು: ನಿವಾಸಿಗಳು ಗಾಬರಿಯಾಗಬಾರದು, ನಮ್ಮವರೇ ಆದ ಲೈಬ್ರರಿಯವರ ಎಂಜಿನ್ ಆ ದಿನ ಮೇಲಿನ ತೊಟ್ಟಿಗೆ ನೀರೆತ್ತಲಿದೆ, ಯಾರೂ ನೀರು ಹಿಡಿದಿಡುವ ಅಗತ್ಯವಿಲ್ಲ.

ಮನೆಗೆ ಬಂದು ಅವರು ಇದನ್ನು ಹೆಂಡತಿಗೆ ಹೇಳಿದರು.

"ಈಗಲೇ ಹೋಗಿ ನಿಜ ಹೇಳಿಬಿಡಿ," ಎಂದಳು ಆಕೆ.

"ಹೇಳಿದ್ರೆ ಶೆಡ್ಡು ಹೋಗುತ್ತೆ."

"ಹೋಗ್ಲಿ."

"ಶೆಡ್ಡು ಹೋದ್ರೆ ಎಂಜಿನ್ ಮನೆಯೊಳಗೆ ಬರುತ್ತೆ. ಗುಜರಿಗೆ ನಾನು ಕೊಡಲ್ಲ."

ಆಕೆ ಸಕ್ಕರೆ ಡಬ್ಬಿಯ ಮುಚ್ಚಳ ಬಿಗಿದಳು. "ಹಾಗಾದ್ರೆ ನೀರೆತ್ತಿ."

ಸೋಜಿಗದ ಸಂಗತಿಯೆಂದರೆ ಅದು ಆಗದ ಕೆಲಸವೇನೂ ಆಗಿರಲಿಲ್ಲ. ಕಟ್ಟಡದ ಪಂಪು ಶೆಡ್ಡಿನ ಪಕ್ಕದ ಕೋಣೆಯಲ್ಲೇ ಇತ್ತು. ಹಳೆಯ ಕಾಲದ ಪಂಪು; ಮೋಟರಿನಿಂದ ಅದಕ್ಕೆ ಬೆಲ್ಟು. ಬೆಲ್ಟನ್ನು ಮೋಟರಿನಿಂದ ಕಳಚಿ ಎಂಜಿನ್ನಿನ ರಾಟೆಗೆ ಹಾಕಿದರೆ ಸಾಕು. ಗುರುವಾರ ಸಂಜೆ ಲೈಬ್ರರಿಯವರು ಎಂಜಿನ್ನನ್ನು ಹಲಗೆಯ ಮೇಲೆ ನಡುವಿನ ಬಾಗಿಲ ಬಳಿಗೆ ಜರುಗಿಸಿ, ಬೆಲ್ಟು ಹಾಕಿ, ಹಿಡಿಕೆ ತಿರುಗಿಸಿದರು. ನೀರು ಏರಿತು. ತಾವು ಹೇಳಿದ ಸುಳ್ಳು ನಿಜವಾದದ್ದನ್ನು ಕಂಡು ಅವರು ಸ್ವಲ್ಪ ಹೊತ್ತು ಅಲ್ಲೇ ಇದ್ದ ಎಣ್ಣೆ ಡಬ್ಬಿಯ ಮೇಲೆ ಕುಳಿತರು. ವಿಷಯ ಇಲ್ಲಿಗೇ ನಿಂತಿದ್ದರೆ ಈ ಬರಹದ ಅಗತ್ಯವಿರುತ್ತಿರಲಿಲ್ಲ.

ಕಟ್ಟಡದ ಜನ ಈ ನಡುವೆ ತಮ್ಮ ಕೆಲಸ ತಾವು ಮಾಡಿದ್ದರು. ಮೊದಲ ಮಹಡಿಯ ದರ್ಜಿ, ಬೇರೆ ಬೀದಿಯಲ್ಲಿದ್ದ ತನ್ನ ಷಡ್ಡಕನ ಸಂಸಾರವನ್ನೆಲ್ಲ ಭಾನುವಾರದ ಸ್ನಾನಕ್ಕೆ ಕರೆದಿದ್ದ. "ನಮ್ಮಲ್ಲಿ ನೀರಿಗೆ ಬರ ಇಲ್ಲ, ಸ್ವಂತ ಎಂಜಿನ್ ಇದೆ," ಎಂದು ಫೋನಿನಲ್ಲಿ ಹೇಳಿದ್ದನಂತೆ. ಮೆಟ್ಟಿಲಿನಲ್ಲಿ ಎದುರಾದವರು ಲೈಬ್ರರಿಯವರಿಗೆ ದಾರಿ ಬಿಟ್ಟು ನಿಲ್ಲತೊಡಗಿದರು. ಕಾರ್ಯದರ್ಶಿಗಳಂತೂ ಶನಿವಾರ ಸಂಜೆ ಪಂಪು ಹಾಕಲೇ ಬಿಡಲಿಲ್ಲ. "ತೊಟ್ಟಿ ಖಾಲಿ ಇದ್ರೆ ತಾನೆ ತುಂಬಿದ್ದು ಗೊತ್ತಾಗೋದು?" ಎಂದು ಅವರ ವಾದ.

ಅದೇ ಶನಿವಾರ ಲೈಬ್ರರಿಯವರ ಭಾವಮೈದ ಬಂದ. ಕಾರಿನ ಶೋರೂಮಿನಲ್ಲಿ ಮಾರಾಟದ ಕೆಲಸ. ಎಂಜಿನ್ ಎಂಬ ವಸ್ತುವನ್ನು ಅವನು ಬಾನೆಟ್ಟು ಮುಚ್ಚಿರುವಾಗಲೇ ಹೆಚ್ಚಾಗಿ ನೋಡಿದ್ದ. ಐದು ನಿಮಿಷ ಕಿವಿಗೊಟ್ಟು ಕೇಳಿ, "ಭಾವ, ಬೇಜಾರು ಮಾಡ್ಕೋಬೇಡಿ. ಇದು ಮಿಸ್ ಹೊಡೀತಿದೆ," ಎಂದ.

"ಅದು ಹಾಗೇ ಓಡೋದು."

"ಗಿರಾಕಿಗೆ ನಾವೂ ಹಾಗೇ ಹೇಳೋದು ಭಾವ."

"ಗುರುವಾರ ನೀರೆತ್ತಿದೆ ಕಣೋ."

"ಎತ್ತಿರ್ಬಹುದು. ನಾಳೆ ಇಷ್ಟು ಜನ ಬರ್ತಾರೆ. ಹೀಗೆ ತುಕ್ಕಿನ ಬಣ್ಣದಲ್ಲಿ ನಿಲ್ಲಿಸಿದ್ರೆ ಯಾರು ನಂಬ್ತಾರೆ? ಅರ್ಧ ಗಾಡಿ ಪೇಂಟಲ್ಲೇ ಮಾರಾಟ ಆಗೋದು, ಮಿಕ್ಕರ್ಧ ಸೀಟಲ್ಲಿ. ಇದಕ್ಕೆ ಸೀಟಿಲ್ಲ."

ಭಾವಮೈದನ ಮಾತಿಗೆ ಲೈಬ್ರರಿಯವರು ಸಾಮಾನ್ಯವಾಗಿ ಕಿವಿಗೊಡುವವರಲ್ಲ. ಆದರೆ ಜನ ಬರುತ್ತಾರೆ ಎಂಬ ಮಾತು ಅವರಿಗೆ ತಾಕಿತು. ಇಬ್ಬರೂ ಸೇರಿ ಎಂಜಿನ್ನಿಗೆ ಕಡುಹಸಿರು ಬಣ್ಣ ಬಳಿದರು. ಗಾಲಿಗೆ ಕೆಂಪು. ಬಣ್ಣ ಉಳಿದದ್ದರಿಂದ ಇನ್ನೊಂದು ಸಲ ಬಳಿದರು. ಹೆಂಡತಿ ಕರೆಯಲು ಬಂದು ನೋಡಿ, "ಮನೆ ಬಾಗಿಲಿಗೆ ಬಣ್ಣ ಹಾಕ್ರಿ ಅಂತ ಎಷ್ಟು ವರ್ಷದಿಂದ ಹೇಳ್ತಿದ್ದೀನಿ!" ಎಂದಳು. ಇಬ್ಬರೂ ಮೂರನೆಯ ಸಲ ಬಳಿದರು. ಕೊನೆಯಲ್ಲಿ ಲೈಬ್ರರಿಯವರು, ನಾಳೆ ನಾಲ್ಕು ಮಹಡಿಯ ಕೆಲಸವಲ್ಲವೇ ಎಂದು, ಪೆಟ್ರೋಲು ಟ್ಯಾಂಕನ್ನು ಕತ್ತಿನವರೆಗೆ ತುಂಬಿ ಮುಚ್ಚಳ ಬಿಗಿದು, ಆ ಮುಚ್ಚಳಕ್ಕೂ ಬಣ್ಣ ಬಳಿದರು.

ಭಾನುವಾರ ಬೆಳಿಗ್ಗೆ ಕರೆಂಟು ಹೋಯಿತು. ಶೆಡ್ಡಿನ ಮುಂದೆ ಸಂಘದ ಕುರ್ಚಿಗಳನ್ನು ಹಾಕಿದ್ದರು. ದರ್ಜಿಯ ಷಡ್ಡಕನ ಕಡೆಯವರು ಹೆಗಲ ಮೇಲೆ ಟವೆಲು, ಕೈಯಲ್ಲಿ ಸಾಬೂನಿನ ಡಬ್ಬಿ ಹಿಡಿದು ಸಾಲಾಗಿ ಕುಳಿತಿದ್ದರು. ಷಡ್ಡಕ ಮಾತ್ರ ಅಲ್ಲಿರಲಿಲ್ಲ. ಕೊಳವೆಯಲ್ಲಿ ಉಳಿದಿದ್ದ ನೀರಿನ ಧೈರ್ಯದ ಮೇಲೆ ಆತ ಆಗಲೇ ಬಚ್ಚಲಿಗೆ ಹೋಗಿದ್ದ. ಕಾರ್ಯದರ್ಶಿಗಳು ಎದ್ದು ನಿಂತು, "ಯಂತ್ರ ಅನ್ನೋದು ಮನುಷ್ಯನ..." ಎಂದು ಆರಂಭಿಸಿದರು. ಅಜ್ಜಿ, "ಮೊದ್ಲು ನೀರು ಬರ್ಲಪ್ಪಾ, ಆಮೇಲೆ ಮಾತು," ಎಂದರು. ಕಾರ್ಯದರ್ಶಿಗಳು ಕುಳಿತರು.

ಲೈಬ್ರರಿಯವರು ಹಿಡಿಕೆ ತಿರುಗಿಸಿದರು. ಢಬ್. ಸುಫ್, ಸುಫ್, ಸುಫ್.

"ಹೋಯ್ತು," ಎಂದ ದರ್ಜಿ.

ಢಬ್.

"ಬಂತು."

ಸುಫ್, ಸುಫ್, ಸುಫ್.

"ಹೋಯ್ತು."

"ಅದು ಹೋಗೋದೂ ಇಲ್ಲ, ಬರೋದೂ ಇಲ್ಲ! ಸುಮ್ನೆ ನೋಡ್ರೀ!" ಎಂದು ಲೈಬ್ರರಿಯವರು ಕೂಗಿದರು. ಗ್ರಂಥಾಲಯದ ಯಾವ ಓದುಗನೂ ಅವರ ಬಾಯಲ್ಲಿ ಅಷ್ಟು ದೊಡ್ಡ ದನಿ ಕೇಳಿರಲಾರ. ಅವರು ಬೆಲ್ಟು ಜರುಗಿಸಿದರು. ಪಂಪಿನ ಭಾರ ಬಿದ್ದದ್ದೇ ತಡ, ಎಂಜಿನ್ ಬಿಡುವಿಲ್ಲದೆ ಢಬ್ ಢಬ್ ಢಬ್ ಎಂದು ದುಡಿಯತೊಡಗಿತು. ಭಾವಮೈದ ಚಪ್ಪಾಳೆ ತಟ್ಟಿ, "ನೋಡಿದ್ರಾ ಭಾವ? ಪೇಂಟ್ ಬಿದ್ಮೇಲೆ ಮಿಸ್ಸೇ ಇಲ್ಲ!" ಎಂದ. ಮೇಲಕ್ಕೆ ಹೋಗುವ ಕೊಳವೆಗೆ ಕಿವಿ ಹಚ್ಚಿದ್ದ ದರ್ಜಿ, "ಎರಡನೇ ಮಹಡಿ ದಾಟ್ತು," ಎಂದು ಸಾರಿದ.

ನೀರು ಮೂರನೇ ಮಹಡಿಯ ಹತ್ತಿರವಿದ್ದಾಗ ಎಂಜಿನ್ ಏದುಸಿರು ಬಿಟ್ಟು, ಎರಡು ಸಲ ಸುಫ್ ಎಂದು ನಿಂತಿತು.

ಅದರ ನಡೆಯೇ ಹಾಗೆ ಎಂದು ಈಗ ಎಲ್ಲರಿಗೂ ಗೊತ್ತಿತ್ತಲ್ಲ. ಎಲ್ಲರೂ ಮುಂದಿನ ಢಬ್ಬಿಗಾಗಿ ಮರ್ಯಾದೆಯಿಂದ ಕಾದರು. ಗಾಲಿಯೇ ತಿರುಗುತ್ತಿಲ್ಲವೆಂದು ಮೊದಲು ಕಂಡವರು ಅಜ್ಜಿ. "ನಮ್ಮೆಜಮಾನ್ರೂ ಕೊನೆಗೆ ಹೀಗೇ," ಎಂದರು.

ಲೈಬ್ರರಿಯವರು ಮತ್ತೆ ಹಿಡಿಕೆ ತಿರುಗಿಸಿದರು. ಎಂಜಿನ್ ಒಮ್ಮೆ ಸಿಡಿದು ಸುಮ್ಮನಾಯಿತು. ಮತ್ತೆ ತಿರುಗಿಸಿದರು. ಸಿಡಿಯಲೂ ಇಲ್ಲ. ಮೊದಲ ಮಹಡಿಯ ಬಚ್ಚಲಿನ ಕಿಟಕಿಯಿಂದ ದರ್ಜಿಯ ಷಡ್ಡಕನ ದನಿ ಬಂತು: "ನೀರು ಯಾವಾಗ? ಕಣ್ಣು ಉರೀತಿದೆ!"

ಭಾವಮೈದ ತೋಳು ಮಡಿಸಿ ಮುಂದೆ ಬಂದ. "ನೀವು ಸರೀರಿ ಭಾವ. ಸ್ಪಾರ್ಕ್ ಹೋಗಿರುತ್ತೆ. ನಾನು ವೈರ್ ಹಿಡೀತೀನಿ, ನೀವು ತಿರುಗಿಸಿ."

"ಕೈಯಲ್ಲಿ ಹಿಡೀಬೇಡ."

"ಬ್ಯಾಟರಿಯೇ ಇಲ್ವಲ್ಲ ಭಾವ, ಏನಾಗುತ್ತೆ?"

ಬ್ಯಾಟರಿ ಇಲ್ಲದಿದ್ದದ್ದು ನಿಜ. ಅದರ ಕೆಲಸ ಮಾಡಲು, ತಿರುಗಿಸಿದಾಗ ಕರೆಂಟು ಹುಟ್ಟಿಸುವ ಮ್ಯಾಗ್ನೆಟೋ ಎಂಬ ಇನ್ನೊಂದು ವಸ್ತು ಇತ್ತು. ಲೈಬ್ರರಿಯವರು ತಿರುಗಿಸಿದರು. ಭಾವಮೈದ ನಿಂತಲ್ಲಿಂದ ಚಿಮ್ಮಿ ಕಾರ್ಯದರ್ಶಿಗಳ ಪಕ್ಕದ ಕುರ್ಚಿಯಲ್ಲಿ ಕುಳಿತ. ನಡುವೆ ನಡೆದು ಹೋದದ್ದನ್ನು ಯಾರೂ ನೋಡಿಲ್ಲ.

"ಸ್ಪಾರ್ಕ್ ಇದೆ," ಎಂದ ಅವನು, ತುಂಬ ಹೊತ್ತಾದ ಮೇಲೆ.

ಆಗ ಬೀದಿಯಲ್ಲಿ ಗುಜರಿಯವನ ಕೂಗು ಕೇಳಿತು. ಅವನು ಭಾನುವಾರ ಬರುವವನೇ. ಕಾರ್ಯದರ್ಶಿಗಳು ಎದ್ದು, "ಏಯ್, ಒಂದು ನಿಮಿಷ ನಿಲ್ಲಪ್ಪ ಅಲ್ಲೇ," ಎಂದು, ಲೈಬ್ರರಿಯವರ ಕಡೆ ತಿರುಗಿದರು. "ನೋಡಿ, ಅವಕಾಶ ಕೊಟ್ಟಾಯ್ತು. ತೊಟ್ಟೀಲಿ ಒಂದು ಹನಿ ಇಲ್ಲ. ಮೇಲಿನವರಿಗೆ ನಾನೇನು ಹೇಳ್ಲಿ? ಗಾಡಿ ಬಂದಿದೆ. ಹಾಕಿ ಕಳಿಸಿಬಿಡಿ."

ಗುಜರಿಯವನು ಒಳಗೆ ಬಂದು, ಹೊಸ ಬಣ್ಣ ನೋಡಿ, ಕೈ ಕಟ್ಟಿ ನಿಂತ. ತಾನು ಕೊಟ್ಟ ಮಾಲು ಇದೇ ಎಂದು ಅವನಿಗೆ ನಂಬಿಕೆ ಬರಲಿಲ್ಲ.

ಲೈಬ್ರರಿಯವರು ಹಿಡಿಕೆಯನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದರು. ಮಾತಾಡಿದವಳು ಅವರ ಹೆಂಡತಿ.

"ಯಾರದು ಗುಜರಿಗೆ ಹಾಕೋರು? ಸಾರ್, ಹಾಕೋದೋ ಬಿಡೋದೋ ನಾನು ಹೇಳ್ತೀನಿ. ಇಷ್ಟು ದಿನ ಪಿಸ್ಟನ್ ಜೊತೆ ಸಂಸಾರ ಮಾಡಿರೋದು ನಾನು. ನೀವಲ್ಲ."

"ಅಲ್ಲಮ್ಮ, ಉಪಯೋಗ..."

"ನಿಮ್ಮ ಕುರ್ಚಿಗಳು ವರ್ಷಕ್ಕೆ ಎಷ್ಟು ದಿನ ಉಪಯೋಗಕ್ಕೆ ಬರ್ತವೆ? ಇವತ್ತು ಇಷ್ಟು ಜನ ಅದರ ಮೇಲೆ ಕೂತಿದ್ದೂ ಈ ಎಂಜಿನ್ ನೋಡೋಕೇ."

ಕಾರ್ಯದರ್ಶಿಗಳು ಕುರ್ಚಿಗಳ ಕಡೆ ತಿರುಗುವಷ್ಟರಲ್ಲಿ, ಬಗಲಲ್ಲಿ ಒಂದು ಚರ್ಮದ ಚೀಲ ಸಿಕ್ಕಿಸಿಕೊಂಡು ನಗರಸಭೆಯ ಇನ್ಸ್‌ಪೆಕ್ಟರು ಒಳಗೆ ಬಂದರು.

"ಇಲ್ಲಿ ಅಕ್ರಮ ಕಾರ್ಖಾನೆ ನಡೀತಿದೆಯಂತೆ. ಬೆಳಗಿನ ಜಾವದಲ್ಲಿ ಭಯಂಕರ ಸದ್ದು, ಮನೆ ಕಿಟಕಿ ಅದುರ್ತಿದೆ ಅಂತ ಹೋದ ಭಾನುವಾರ ಫೋನ್ ಮಾಡಿ ದೂರು ಕೊಟ್ಟಿದ್ದಾರೆ. ಈ ಸಂಘದ ಕಾರ್ಯದರ್ಶಿ ಯಾರು?"

"ನಾನೇ ಸಾರ್."

"ಫೋನ್ ಮಾಡಿದ್ದೂ ನೀವೇ ಅಲ್ವಾ?"

ಎಲ್ಲರೂ ಕಾರ್ಯದರ್ಶಿಗಳನ್ನು ನೋಡಿದರು. ಕಳೆದ ಭಾನುವಾರ ಅವರು ಮುಖಕ್ಷೌರವನ್ನು ಅರ್ಧಕ್ಕೆ ನಿಲ್ಲಿಸಿ ಮೊದಲು ಮಾಡಿದ ಕೆಲಸ ಅದು. ಎಂಜಿನ್ ನೀರೆತ್ತುತ್ತದೆ ಎಂದು ಗೊತ್ತಾದದ್ದು ಆಮೇಲೆ. ದೂರನ್ನು ವಾಪಸು ಪಡೆಯುವುದು ಮರೆತೇಹೋಗಿತ್ತು. "ಅದು... ಆಗಿನ ಪರಿಸ್ಥಿತಿ ಬೇರೆ ಇತ್ತು ಸಾರ್," ಎಂದರು.

"ಎಲ್ಲಿ ಸದ್ದು?"

"ಈಗ ಇಲ್ಲ ಸಾರ್. ಕೆಟ್ಟುಹೋಗಿದೆ."

"ಅಂದ್ರೆ ಕಾರ್ಖಾನೆ ಇದೆ, ಸದ್ದಿಲ್ಲ." ಇನ್ಸ್‌ಪೆಕ್ಟರು ಎಂಜಿನ್ನಿಗೆ ಒಂದು ಸುತ್ತು ಬಂದರು. ಅವರಿಗೆ ಯಂತ್ರಗಳ ಗಂಧಗಾಳಿ ಇರಲಿಲ್ಲ. ಆದರೆ ಬೆಂಕಿಯ ವಿಷಯದಲ್ಲಿ ಬಲು ಕಟ್ಟುನಿಟ್ಟು. "ಇದರಲ್ಲಿ ಪೆಟ್ರೋಲ್ ಎಷ್ಟಿದೆ? ವಾಸದ ಕಟ್ಟಡದಲ್ಲಿ ಇಷ್ಟೇ ಇಟ್ಕೋಬೇಕು ಅಂತ ನಿಯಮ ಇದೆ, ಗೊತ್ತಾ? ತೆಗೀರಿ ಮುಚ್ಚಳ. ಬೇಡ, ನಾನೇ ನೋಡ್ತೀನಿ."

ಅವರು ಮುಚ್ಚಳ ತಿರುಗಿಸಿದರು. ಉಸ್ ಎಂದು ಒಂದು ಸದ್ದಾಯಿತು.

"ಉಸಿರು ಬಿಡ್ತು!" ಎಂದರು ಅಜ್ಜಿ.

ಖಚಿತವಾಗಿ ಹೇಳುವುದಾದರೆ ಅದು ಉಸಿರು ಬಿಟ್ಟದ್ದಲ್ಲ, ಎಳೆದುಕೊಂಡದ್ದು. ಪೆಟ್ರೋಲು ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಒಳಗೆ ಹೋಗಲು ಸೂಜಿ ಹಿಡಿಸುವಷ್ಟು ಒಂದು ತೂತಿರುತ್ತದೆ. ಪೆಟ್ರೋಲು ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಇಲ್ಲವಾದರೆ ಸ್ವಲ್ಪ ಹೊತ್ತಿನಲ್ಲಿ ಟ್ಯಾಂಕು ಪೆಟ್ರೋಲನ್ನು ಬಿಟ್ಟುಕೊಡುವುದಿಲ್ಲ. ಮುಚ್ಚಳಕ್ಕೆ ಬಳಿದ ಬಣ್ಣ ಆ ತೂತನ್ನು ನುಣ್ಣಗೆ ಮುಚ್ಚಿತ್ತು. ಇದು ಆ ಗಳಿಗೆಯಲ್ಲಿ ಯಾರಿಗೂ ಹೊಳೆಯಲಿಲ್ಲ, ಲೈಬ್ರರಿಯವರನ್ನೂ ಸೇರಿಸಿ.

ಇನ್ಸ್‌ಪೆಕ್ಟರು ಒಳಗೆ ಗಂಭೀರವಾಗಿ ಇಣುಕಿದರು. ಪೆಟ್ರೋಲು ನಿಯಮದ ಮಿತಿಯೊಳಗಿತ್ತು. ಮುಚ್ಚಳವನ್ನು ಮತ್ತೆ ಬಿಗಿಯಲು ಹೋಗುವಷ್ಟರಲ್ಲಿ ಒಣಗದ ಹಸಿರು ಬಣ್ಣ ಬೆರಳಿಗೆ ಅಂಟಿದ್ದು ಕಂಡಿತು. ಅವರು ಮುಖ ಕಿವುಚಿ, ಮುಚ್ಚಳವನ್ನು ಟ್ಯಾಂಕಿನ ಮೇಲೆ ಹಾಗೇ ಇಟ್ಟು, ಕರವಸ್ತ್ರ ತೆಗೆದರು. "ಎಲ್ಲಿ, ಒಂದು ಸಲ ತಿರುಗಿಸಿ. ಸದ್ದು ಎಷ್ಟಿದೆ ಅಂತ ಬರ್ಕೋಬೇಕು."

ಲೈಬ್ರರಿಯವರು ಆಸೆಯಿಲ್ಲದೆ ಹಿಡಿಕೆ ತಿರುಗಿಸಿದರು.

ಢಬ್. ಢಬ್. ಢಬ್. ಢಬ್.

ದರ್ಜಿ ಕೊಳವೆಗೆ ಕಿವಿ ಹಚ್ಚಿದ. ಮೂರನೇ ಮಹಡಿ ದಾಟಿತು ಎಂದ. ನಾಲ್ಕು ಎಂದ. ತೊಟ್ಟಿಗೆ ನೀರು ಬಿದ್ದ ಸದ್ದು ಕೆಳಗಿನವರೆಗೂ ಕೇಳಿತು. ಸ್ವಲ್ಪ ಹೊತ್ತಿಗೆ ಬಚ್ಚಲಿನ ಕಿಟಕಿಯಿಂದ, "ಬಂತು! ಬಂತು!" ಎಂಬ ಕೂಗು ಹೊರಟಿತು. ಷಡ್ಡಕನ ಕಡೆಯವರು ಟವೆಲು ಬೀಸುತ್ತ ಮೆಟ್ಟಿಲ ಕಡೆಗೆ ಓಡಿದರು.

"ಸಾರ್, ಏನು ಮಾಡಿದ್ರಿ?" ಎಂದು ಭಾವಮೈದ ಇನ್ಸ್‌ಪೆಕ್ಟರನ್ನು ಕೇಳಿದ. ಅವನ ಕೂದಲು ಇನ್ನೂ ಪೂರ್ತಿ ಮಲಗಿರಲಿಲ್ಲ.

"ನಾನಾ? ಮುಚ್ಚಳ ತೆಗೆದು ನೋಡ್ದೆ, ಅಷ್ಟೆ."

"ನೋಡಿ, ದೊಡ್ಡವರು ಹೀಗೇ ಹೇಳೋದು," ಎಂದ ಭಾವಮೈದ.

"ಕೈಗುಣ ಅಂದ್ರೆ ಇದು," ಎಂದರು ಅಜ್ಜಿ. "ನಮ್ಮೆಜಮಾನ್ರನ್ನ ಇವ್ರ ಹತ್ರ ತೋರಿಸ್ಬೇಕಿತ್ತು."

ಇನ್ಸ್‌ಪೆಕ್ಟರು ಹಸಿರಾದ ತಮ್ಮ ಬೆರಳುಗಳನ್ನು ನೋಡಿಕೊಂಡರು. ಇಷ್ಟು ವರ್ಷದ ನೌಕರಿಯಲ್ಲಿ ಅವರು ಹೋದ ಕಡೆಯಲ್ಲೆಲ್ಲ ಏನಾದರೊಂದು ನಿಂತಿತ್ತು. ಹೊರಟದ್ದು ಇದೇ ಮೊದಲು. "ಈ ಎಂಜಿನ್ನಿಂದ ಸಾರ್ವಜನಿಕರಿಗೆ ಅನುಕೂಲವಾಗ್ತಿದೆ," ಎಂದು ಅವರು ಗಟ್ಟಿಯಾಗಿ ಹೇಳಿದರು. "ಆಗಾಗ ಬಂದು ನೋಡ್ತೀನಿ. ಇದನ್ನ ಯಾರೂ ಇಲ್ಲಿಂದ ಕದಲಿಸಬಾರದು."

"ಛೆ, ಯಾರು ಸಾರ್ ಕದಲಿಸೋದು?" ಎಂದರು ಕಾರ್ಯದರ್ಶಿಗಳು. ಗುಜರಿಯವನಿಗೆ ಕಣ್ಣಲ್ಲೇ ಹೊರಡಲು ಹೇಳಿದರು.

ಆ ಸಂಜೆ ಎಂಜಿನ್ ಒರೆಸುವಾಗ ಲೈಬ್ರರಿಯವರಿಗೆ ಮುಚ್ಚಳ ಕೈಗೆ ಬಂತು. ಬೆಳಕಿಗೆ ಹಿಡಿದು ನೋಡಿದರು. ಹೆಂಡತಿಯ ಹೊಲಿಗೆ ಡಬ್ಬಿಯಿಂದ ಸೂಜಿ ತಂದು ತೂತನ್ನು ಬಿಡಿಸಿದರು. ಆಮೇಲೆ ಹೆಂಡತಿಗೆ ಎಲ್ಲವನ್ನೂ ಹೇಳಿದರು.

"ಹಾಗಾದ್ರೆ ಆ ಮಹಾನುಭಾವರು ಏನೂ ಮಾಡೇ ಇಲ್ವಾ?"

"ಇಲ್ಲ. ನಾಳೆ ಬೆಳಿಗ್ಗೆ ಎಲ್ರಿಗೂ ಹೇಳ್ತೀನಿ. ಬಣ್ಣ ಬಳಿದು ಕೆಡಿಸಿದ್ದು ನಾನೇ, ಎಂಜಿನ್‌ದು ಏನೂ ತಪ್ಪಿಲ್ಲ ಅಂತ."

ಆಕೆ ಸೂಜಿಯನ್ನು ವಾಪಸು ಇಸಿದುಕೊಂಡು ಡಬ್ಬಿ ಮುಚ್ಚಿದಳು. "ಶೆಡ್ಡು ಬೇಕಾ, ಬೇಡ್ವಾ?"

ಲೈಬ್ರರಿಯವರು ಬೇಕು ಎಂದರು. ಮರುದಿನ ಅವರು ಯಾರಿಗೂ ಏನೂ ಹೇಳಲಿಲ್ಲ. ಯಾರಾದರೂ ಕೇಳಿದರೆ, "ಎಲ್ಲ ಇನ್ಸ್‌ಪೆಕ್ಟರ ಕೈಗುಣ," ಎಂದರು. ಹೀಗೆ ಹೇಳುವುದು ಮೊದಲ ವಾರ ಕಷ್ಟವಾಯಿತಂತೆ, ಆಮೇಲೆ ಅಭ್ಯಾಸವಾಯಿತು. ಸಂಘದ ಕುರ್ಚಿಗಳು ಮೆಟ್ಟಿಲ ಕೆಳಗೇ ಉಳಿದವು.

ತಿಂಗಳ ಕೊನೆಯಲ್ಲಿ ನಗರಸಭೆಯ ಕಚೇರಿಯ ಜನರೇಟರು ಕೆಟ್ಟಿತು. ಇನ್ಸ್‌ಪೆಕ್ಟರನ್ನು ಕರೆಸಿದರು. ಅವರು ಇಡೀ ಕಚೇರಿಯ ಎದುರು ಟ್ಯಾಂಕಿನ ಮುಚ್ಚಳ ತೆಗೆದು, ಒಳಗೆ ಗಂಭೀರವಾಗಿ ಇಣುಕಿ, ಮುಚ್ಚಳವನ್ನು ಮೇಲೆ ಹಾಗೇ ಇಟ್ಟು, ಈಗ ಹಾಕಿ ಎಂದರು. ಜನರೇಟರು ಹೊರಡಲಿಲ್ಲ. ಇದು ತೀರ ಹೊಸದು, ತಮ್ಮ ಕೈ ಹಳೆಯದಕ್ಕೆ ಮಾತ್ರ ಆಗಿಬರುವುದು ಎಂದು ಅವರು ವಿವರಿಸಿದರು. ಕಚೇರಿ ಅದನ್ನು ಒಪ್ಪಿಕೊಂಡು ಮೆಕ್ಯಾನಿಕ್ಕಿಗೆ ಹೇಳಿಕಳಿಸಿತು.